ದೈನಂದಿನ ವ್ಯವಹಾರದಲ್ಲಿ ಟ್ಯಾಬ್ಲೆಟ್ ಗಣಕ: ಚೀಟಿಯಿಂದ ಖಾತೆಯವರೆಗೆ

ಮಾಲು ಬಂದಿಳಿಯುವ ಗೋದಾಮಿನ ಬಾಗಿಲಿಗೂ ಲೆಕ್ಕ ಬರೆಯುವ ಮೇಜಿಗೂ ನಡುವಿನ ದೂರ ಕೆಲವೇ ಮಾರುಗಳಿರಬಹುದು. ಆದರೆ ವ್ಯವಹಾರದ ಅನೇಕ ತಪ್ಪುಗಳು ಹುಟ್ಟುವುದು ಆ ದೂರದಲ್ಲಿಯೇ. ಲಾರಿಯಿಂದ ಹಮಾಲರು ಇಳಿಸಿದ ಮೂಟೆಗಳ ಎಣಿಕೆಯನ್ನು ಗುಮಾಸ್ತನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಆ ಚೀಟಿ ಸಂಜೆಯವರೆಗೆ ಅವನ ಜೇಬಿನಲ್ಲಿರುತ್ತದೆ. ಸಂಜೆ ಅದನ್ನು ನೋಡಿ ಗಣಕಯಂತ್ರಕ್ಕೆ ಅಂಕಿಗಳನ್ನು ಏರಿಸುವವನು ಬೇರೊಬ್ಬ. ಬೆವರಿಗೆ ಮಾಸಿದ 48 ಎಂಬುದು ಅವನ ಕಣ್ಣಿಗೆ 43 ಆಗಿ ಕಾಣುತ್ತದೆ. ಹರಿದುಬಂದ ಎರಡು ಮೂಟೆಗಳ ವಿಷಯ ಬಾಯಿಮಾತಿನಲ್ಲಿಯೇ ಉಳಿದು ಮರೆತುಹೋಗುತ್ತದೆ. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸಿದಾಗ ಪುಸ್ತಕದ ಲೆಕ್ಕಕ್ಕೂ ಗೋದಾಮಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ; ಕಳ್ಳತನದ ಸಂಶಯ ನಿರಪರಾಧಿಯ ಮೇಲೆ ಬೀಳುವುದೂ ಉಂಟು.

ವ್ಯಾಪಾರಕ್ಕಾಗಿ ಟ್ಯಾಬ್ಲೆಟ್ ಗಣಕವನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರವನ್ನು ಈ ಚೀಟಿಯಲ್ಲಿ ಹುಡುಕುವುದು ಲೇಸು. ಮೇಜಿನ ಮೇಲಿನ ಗಣಕಯಂತ್ರಕ್ಕೆ ಇದು ಬದಲಿ ಎಂದು ಮಾರಾಟಗಾರರು ಹೇಳುವುದುಂಟು. ಆ ಮಾತನ್ನು ನಂಬಿ ಕೊಂಡವರ ಟ್ಯಾಬ್ಲೆಟ್‌ಗಳು ಕೆಲವು ತಿಂಗಳುಗಳಲ್ಲಿ ಮನೆಯ ಮಕ್ಕಳ ಕೈ ಸೇರಿರುವುದನ್ನು ಯಾವ ಪೇಟೆಯಲ್ಲಾದರೂ ಕಾಣಬಹುದು. ನೂರಾರು ಸಾಲುಗಳ ಖರೀದಿ ಬಿಲ್ಲನ್ನು ಗಾಜಿನ ಮೇಲೆ ಬೆರಳಾಡಿಸಿ ಬರೆಯುವುದು ಶಿಕ್ಷೆಯೇ ಸರಿ. ಟ್ಯಾಬ್ಲೆಟ್ ನಿಜವಾಗಿ ತುಂಬಬಲ್ಲದ್ದು ಚೀಟಿಯ ಸ್ಥಾನವನ್ನು. ಕೆಲಸ ನಡೆದ ಸ್ಥಳದಲ್ಲಿ, ನಡೆದ ಹೊತ್ತಿನಲ್ಲಿಯೇ, ಒಂದೇ ಸಲ ಬರೆಯಲು ಅದು ಅನುವು ಮಾಡಿಕೊಡುತ್ತದೆ.

ಸ್ವಲ್ಪ ಹಿನ್ನೆಲೆ

ಪರದೆಯನ್ನು ಮುಟ್ಟಿ ನಡೆಸುವ ಕೈಗಣಕದ ಕಲ್ಪನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮಾದರಿ 2001ರಲ್ಲಿ ಜನರ ಮುಂದೆ ಬಂದಿತು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಯನ್ನು ಪ್ರವೇಶಿಸಿತು. ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಆದರೆ ಅದರ ವಿನ್ಯಾಸದಲ್ಲಿದ್ದ ಒಂದು ವಿವೇಕವನ್ನು ಇಂದಿನ ವರ್ತಕರೂ ನೆನೆಯಬೇಕು: ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಾರೆ, ಆದುದರಿಂದ ಒಬ್ಬೊಬ್ಬರ ಮಾಹಿತಿಯೂ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಪ್ರತ್ಯೇಕವಾಗಿರಬೇಕು ಎಂಬುದು. ಐಪ್ಯಾಡ್ 2010ರಲ್ಲಿ ಅಮೆರಿಕದಲ್ಲಿಯೂ 2011ರ ಜನವರಿಯಲ್ಲಿ ಭಾರತದಲ್ಲಿಯೂ ಮಾರಾಟಕ್ಕೆ ಬಂದ ಮೇಲೆ ಹರಡಿದ ಟ್ಯಾಬ್ಲೆಟ್‌ಗಳು ಒಬ್ಬನೇ ಬಳಕೆದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಹಲವು ಬಳಕೆದಾರರ ಸೌಲಭ್ಯ ಬಂದದ್ದು 2012ರಲ್ಲಿ, 4.2ನೆಯ ಆವೃತ್ತಿಯೊಡನೆ. ಅಂಗಡಿಯಲ್ಲಿ ಒಂದು ಯಂತ್ರ ನಾಲ್ಕು ಕೈಗಳಲ್ಲಿ ಓಡಾಡುವುದರಿಂದ ಈ ಸಂಗತಿ ಮುಂದೆ ಮತ್ತೆ ಪ್ರಸ್ತಾಪಕ್ಕೆ ಬರುತ್ತದೆ.

ಕುಳಿತು ಮಾಡುವ ಕೆಲಸ, ನಿಂತು ಮಾಡುವ ಕೆಲಸ

ಕೊಳ್ಳುವ ಮೊದಲು ವ್ಯವಹಾರದ ಕೆಲಸಗಳನ್ನು ಎರಡಾಗಿ ವಿಂಗಡಿಸಿ ನೋಡಬೇಕು. ತೆರಿಗೆಯ ವಿವರಪಟ್ಟಿ ಸಲ್ಲಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಸಂಬಳದ ಪಟ್ಟಿ, ಉದ್ದನೆಯ ಪತ್ರವ್ಯವಹಾರ ಇವೆಲ್ಲ ಕುಳಿತು ಮಾಡುವ ಕೆಲಸಗಳು. ಇವು ಮೇಜಿನ ಗಣಕದಲ್ಲಿಯೇ ಉಳಿಯಲಿ. ಟ್ಯಾಲಿ ತಂತ್ರಾಂಶವನ್ನು ಬಳಸುವವರು ಅದು ವಿಂಡೋಸ್‌ಗಾಗಿ ರಚಿತವಾದುದೆಂಬುದನ್ನು ನೆನಪಿಡಬೇಕು. ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಅದನ್ನು ನೇರವಾಗಿ ಅಳವಡಿಸಲು ಬಾರದು. ಟ್ಯಾಲಿಪ್ರೈಮ್‌ನ ವರದಿಗಳನ್ನು ಬ್ರೌಸರ್ ಮೂಲಕ ನೋಡಬಹುದು. ಮಾಲೀಕನು ಹೊರಗಿದ್ದಾಗ ಬಾಕಿದಾರರ ಪಟ್ಟಿಯನ್ನು ನೋಡಲು ಅಷ್ಟೇ ಸಾಕಾಗುತ್ತದೆ.

ನಿಂತು ಅಥವಾ ಓಡಾಡಿಕೊಂಡು ಮಾಡುವ ಕೆಲಸಗಳ ಪಟ್ಟಿ ಬೇರೆ. ಮಾಲು ಇಳಿಸಿಕೊಳ್ಳುವುದು, ದಾಸ್ತಾನು ಎಣಿಸುವುದು, ಚಿಲ್ಲರೆ ಅಂಗಡಿಗಳಿಗೆ ಹೋಗಿ ಬೇಡಿಕೆ ಬರೆದುಕೊಳ್ಳುವುದು, ಉದ್ರಿ ವಸೂಲಿ, ಗಿರಾಕಿಗೆ ಮಾದರಿಗಳ ಚಿತ್ರ ತೋರಿಸುವುದು, ಕಾರ್ಖಾನೆಯಲ್ಲಿ ಯಾವ ಯಂತ್ರದ ಮುಂದೆ ಯಾವ ಕೆಲಸ ಎಷ್ಟಾಗಿದೆಯೆಂದು ಗುರುತಿಸುವುದು, ಸಿದ್ಧವಾದ ಬಿಡಿಭಾಗಗಳ ಅಳತೆ ಪರಿಶೀಲನೆ. ಬ್ಲೂಟೂತ್ ಬಾರ್‌ಕೋಡ್ ಓದುಗವನ್ನು ಜೋಡಿಸಿದರೆ ಅದು ಕೀಲಿಮಣೆಯಂತೆಯೇ ಕೆಲಸ ಮಾಡುತ್ತದೆ. ಬೆರಳಿನ ಕೆಲಸ ಬಹಳಷ್ಟು ತಪ್ಪುತ್ತದೆ.

ಜಾಬ್ ವರ್ಕ್ ಕೊಡುವ ಸಣ್ಣ ಕಾರ್ಖಾನೆಗಳಿಗೆ ಇದರ ಪ್ರಯೋಜನ ವಿಶೇಷವಾದುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಬಿಡಿಭಾಗ ಸಿದ್ಧವಾಗುವಷ್ಟರಲ್ಲಿ ತಿರುಗಣೆ ಒಂದು ಕಡೆ, ಉಷ್ಣ ಸಂಸ್ಕರಣೆ ಇನ್ನೊಂದು ಕಡೆ, ಲೇಪನ ಮತ್ತೊಂದು ಕಡೆ ಆಗುವುದು ಸಾಮಾನ್ಯ. ಹೀಗೆ ಹೊರಗೆ ಕಳುಹಿಸಿದ ಕಚ್ಚಾ ಮಾಲು ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ 143ನೆಯ ಸೆಕ್ಷನ್ನಿನಂತೆ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು; ತಪ್ಪಿದರೆ, ಅವಧಿಯ ವಿಸ್ತರಣೆ ದೊರೆತಿರದಿದ್ದಲ್ಲಿ, ಕಳುಹಿಸಿದ ದಿನದಂದೇ ಮಾರಾಟವಾಯಿತೆಂದು ಪರಿಗಣಿಸಿ ತೆರಿಗೆ ಕೇಳಲಾಗುತ್ತದೆ. ಚಲನ್‌ಗಳ ಕಟ್ಟನ್ನು ತಿರುವಿ ಇದನ್ನು ಪತ್ತೆಹಚ್ಚುವ ಬದಲು, ಕಳುಹಿಸುವಾಗಲೂ ಮರಳಿ ಬಂದಾಗಲೂ ಬಾಗಿಲಲ್ಲಿಯೇ ಟ್ಯಾಬ್ಲೆಟ್‌ನಲ್ಲಿ ದಾಖಲಿಸಿಟ್ಟರೆ, ಹತ್ತು ತಿಂಗಳು ದಾಟಿದ ಚಲನ್‌ಗಳನ್ನು ಮಾತ್ರ ಆರಿಸಿ ನೋಡುವುದು ಒಂದು ಕ್ಷಣದ ಕೆಲಸ.

ಮಾಲು ತಲುಪಿದ ದಿನ

ಟ್ಯಾಬ್ಲೆಟ್‌ನ ಬೆಲೆಯನ್ನು ಒಂದೇ ಪ್ರಕರಣದಲ್ಲಿ ತೀರಿಸಿಕೊಡಬಲ್ಲ ಉಪಯೋಗವೊಂದು ಸಣ್ಣ ತಯಾರಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಅದು ಮಾಲು ತಲುಪಿದ ದಿನದ ಸಾಕ್ಷ್ಯ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಸೆಕ್ಷನ್ನಿನ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವನು ಲಿಖಿತ ಒಪ್ಪಂದದಲ್ಲಿ ಗೊತ್ತುಪಡಿಸಿದ ದಿನದೊಳಗೆ ಹಣ ಸಲ್ಲಿಸಬೇಕು. ಆ ಅವಧಿ ಮಾಲನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳು. ತಪ್ಪಿದಲ್ಲಿ 16ನೆಯ ಸೆಕ್ಷನ್ನಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ತೆರಬೇಕಾಗುತ್ತದೆ. ಸ್ವೀಕರಿಸಿದ ದಿನವೆಂದರೆ ಮಾಲು ವಾಸ್ತವವಾಗಿ ಒಪ್ಪಿಸಲ್ಪಟ್ಟ ದಿನ. ಕೊಂಡವನು 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಎತ್ತಿದರೆ, ಆ ಆಕ್ಷೇಪಣೆ ನಿವಾರಣೆಯಾದ ದಿನ.

ವ್ಯವಹಾರದಲ್ಲಿ ನಡೆಯುವುದೇ ಬೇರೆ. ದೊಡ್ಡ ಕಾರ್ಖಾನೆಯ ಬಾಗಿಲಿಗೆ ಏಪ್ರಿಲ್ 15ರಂದು ಮಾಲು ತಲುಪುತ್ತದೆ. ಅವರ ಉಗ್ರಾಣದ ಪುಸ್ತಕದಲ್ಲಿ ಅದು ದಾಖಲಾಗುವುದು ಏಪ್ರಿಲ್ 27ರಂದು. ಅಲ್ಲಿಂದ ಎಣಿಸಿದರೆ 45 ದಿನಗಳು ಜೂನ್ 11ಕ್ಕೆ ಮುಗಿಯುತ್ತವೆ. ವಾಸ್ತವ ದಿನದಿಂದ ಎಣಿಸಿದರೆ ಮೇ 30ಕ್ಕೆ. ಹನ್ನೆರಡು ದಿನಗಳ ಈ ವ್ಯತ್ಯಾಸ ಪ್ರತಿ ಬಿಲ್ಲಿನಲ್ಲಿಯೂ ಮರುಕಳಿಸಿದರೆ ಸಣ್ಣ ತಯಾರಕನ ದುಡಿಯುವ ಬಂಡವಾಳ ಇನ್ನೊಬ್ಬರ ಉಗ್ರಾಣದಲ್ಲಿ ಕುಳಿತಿರುತ್ತದೆ. ವ್ಯಾಜ್ಯ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಯ ಮುಂದೆ ಹೋದಾಗ ಮೊದಲು ಕೇಳಿಬರುವ ಪ್ರಶ್ನೆಗಳಲ್ಲಿ ಒಂದು, ಮಾಲು ತಲುಪಿದ್ದು ಯಾವತ್ತು ಎಂಬುದು. ಉತ್ತರವಾಗಿ ಕೈಯಲ್ಲಿರುವುದು ಅಸ್ಪಷ್ಟ ಮುದ್ರೆಯ, ದಿನಾಂಕವಿಲ್ಲದ ಚಲನ್ ಆಗಿದ್ದರೆ ವಾದ ಅಲ್ಲಿಯೇ ಸೊರಗುತ್ತದೆ.

ಮಾಲು ಒಯ್ಯುವ ನೌಕರನ ಕೈಯಲ್ಲಿ ಟ್ಯಾಬ್ಲೆಟ್ ಇದ್ದರೆ ಮೂರು ಕೆಲಸಗಳನ್ನು ಆ ಬಾಗಿಲಲ್ಲಿಯೇ ಮುಗಿಸಬಹುದು. ಸ್ವೀಕರಿಸಿದವರ ಹೆಸರು, ಹುದ್ದೆ, ಎಣಿಕೆ ಇವುಗಳನ್ನು ಬರೆದುಕೊಂಡು ಪರದೆಯ ಮೇಲೆ ಸಹಿ ಪಡೆಯುವುದು. ಇಳಿಸಿದ ಮಾಲಿನ ಛಾಯಾಚಿತ್ರ ತೆಗೆಯುವುದು. ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡ ಕಾಗದದ ಚಲನ್‌ನ ಚಿತ್ರವನ್ನೂ ತೆಗೆದು ಕಚೇರಿಗೆ ಕಳುಹಿಸುವುದು. ಮೂರನೆಯದನ್ನು ಬಿಡಬಾರದು. ಗಾಜಿನ ಮೇಲೆ ಬೆರಳಿನಿಂದ ಗೀಚಿದ ಸಹಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಹೇಳುವ ವಿದ್ಯುನ್ಮಾನ ಸಹಿಯಲ್ಲ. ಅದಕ್ಕೆ ಡಿಜಿಟಲ್ ಸಹಿ ಪ್ರಮಾಣಪತ್ರ ಅಥವಾ ಆಧಾರ್ ಆಧಾರಿತ ಇ-ಸಹಿ ಬೇಕು. ಬೆರಳಿನ ಸಹಿ ಸ್ವೀಕೃತಿಯನ್ನು ಸಮರ್ಥಿಸುವ ಒಂದು ಸುಳಿವು ಮಾತ್ರ. ಕಾಗದದ ಚಲನ್ ಮೂಲ ದಾಖಲೆಯಾಗಿ ಉಳಿಯಲೇಬೇಕು.

ಇಲ್ಲಿ ಸಣ್ಣ ಎಚ್ಚರಿಕೆಯೊಂದಿದೆ. ಟ್ಯಾಬ್ಲೆಟ್‌ನ ಕ್ಯಾಮೆರಾ ತೆಗೆದ ಮೂಲ ಚಿತ್ರದ ಕಡತದೊಳಗೆ ತೆಗೆದ ದಿನ, ಸಮಯ ಹಾಗೂ ಅನುಮತಿಸಿದ್ದರೆ ಸ್ಥಳವೂ ಅಡಗಿರುತ್ತವೆ. ಅದೇ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದರ ಜೊತೆಗೆ ಆ ವಿವರಗಳೂ ಕಳಚಿಹೋಗುತ್ತವೆ. ಕಚೇರಿಯವರು ವಾಟ್ಸ್ಆ್ಯಪ್ ಪ್ರತಿಯನ್ನು ಇಟ್ಟುಕೊಂಡು, ಜಾಗ ಸಾಲದೆಂದು ಟ್ಯಾಬ್ಲೆಟ್‌ನಲ್ಲಿದ್ದ ಮೂಲವನ್ನು ಅಳಿಸಿಹಾಕಿದರೆ ಸಾಕ್ಷ್ಯದ ಸತ್ವವೇ ಹೋಯಿತು. ಮೂಲ ಕಡತಗಳನ್ನು ವಾರಕ್ಕೊಮ್ಮೆ ಬೇರೆಡೆ ನಕಲಿಸಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ನಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಯಾವ ಸಾಧನದಲ್ಲಿ ದಾಖಲೆ ಹುಟ್ಟಿತು ಎಂಬ ವಿವರ ಅದರಲ್ಲಿ ಬರುವುದರಿಂದ ಟ್ಯಾಬ್ಲೆಟ್‌ನ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಖರೀದಿಯ ಬಿಲ್ಲಿನೊಡನೆ ಜೋಪಾನ ಮಾಡಿಡುವುದು ಜಾಣತನ.

ತಡವಾದ ಪಾವತಿಯ ಈ ರಕ್ಷಣೆ ತಯಾರಕರಿಗೂ ಸೇವೆ ಒದಗಿಸುವವರಿಗೂ ಸಲ್ಲುತ್ತದೆ. 2021ರಿಂದ ಸಗಟು ಮತ್ತು ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿಗೆ ಅವಕಾಶವಾಗಿದ್ದರೂ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ವರ್ತಕರಿಗೆ ಬಾಗಿಲಿನ ಸಹಿಯ ಪ್ರಯೋಜನ ಎಣಿಕೆಯ ತಕರಾರು ತಪ್ಪಿಸುವಷ್ಟಕ್ಕೇ.

ಬಿಲ್ಲಿನ ಸಂಖ್ಯೆ, ತಿದ್ದುಪಡಿಯ ಗುರುತು

ಟ್ಯಾಬ್ಲೆಟ್‌ನಲ್ಲಿ ಬಿಲ್ಲನ್ನೇ ಮಾಡುವುದಾದರೆ ನಿಯಮಗಳ ಕಡೆಗೆ ನೋಡಬೇಕು. ಸರಕು ಮತ್ತು ಸೇವಾ ತೆರಿಗೆಯ 46ನೆಯ ನಿಯಮದಂತೆ ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಅನುಕ್ರಮವಾಗಿರಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಅಂಗಡಿಯ ಗಣಕದಲ್ಲಿ ಒಬ್ಬ, ವ್ಯಾನಿನಲ್ಲಿ ಇನ್ನೊಬ್ಬ ಒಂದೇ ಸರಣಿಯಲ್ಲಿ ಬಿಲ್ಲು ಮಾಡುತ್ತಿದ್ದು, ವ್ಯಾನು ಜಾಲಸಂಪರ್ಕವಿಲ್ಲದ ಹಳ್ಳಿಯಲ್ಲಿದ್ದರೆ ಒಂದೇ ಸಂಖ್ಯೆಯ ಎರಡು ಬಿಲ್ಲುಗಳು ಹುಟ್ಟುತ್ತವೆ. ಒಂದಕ್ಕಿಂತ ಹೆಚ್ಚು ಸರಣಿಗಳನ್ನು ನಿಯಮವೇ ಒಪ್ಪಿರುವುದರಿಂದ ಪ್ರತಿ ಟ್ಯಾಬ್ಲೆಟ್‌ಗೂ ಬೇರೆ ಮೊದಲಕ್ಷರದ ಸರಣಿಯನ್ನು ಆರಂಭದಲ್ಲಿಯೇ ಗೊತ್ತುಮಾಡಬೇಕು.

56ನೆಯ ನಿಯಮ ಇನ್ನೂ ಮುಖ್ಯ. ಲೆಕ್ಕಪುಸ್ತಕದಲ್ಲಿ ಬರೆದುದನ್ನು ಅಳಿಸಬಾರದು, ಅದರ ಮೇಲೆ ತಿದ್ದಿ ಬರೆಯಬಾರದು ಎಂಬ ಹಳೆಯ ಪದ್ಧತಿಯನ್ನೇ ಅದು ಎತ್ತಿಹಿಡಿದು, ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ ಮತ್ತು ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯಬೇಕೆಂದು ಹೇಳುತ್ತದೆ. ಉಚಿತವಾಗಿ ದೊರೆಯುವ ಸಣ್ಣ ಬಿಲ್ಲಿಂಗ್ ಆ್ಯಪ್‌ಗಳಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಪರೀಕ್ಷಿಸಲು ಸುಲಭೋಪಾಯ ಇದು: ಸುಳ್ಳು ಬಿಲ್ಲೊಂದನ್ನು ಮಾಡಿ, ಮೊತ್ತ ತಿದ್ದಿ, ನಂತರ ಅಳಿಸಿ, ಅದರ ಕುರುಹು ಎಲ್ಲಿಯಾದರೂ ಉಳಿದಿದೆಯೇ ಎಂದು ಹುಡುಕುವುದು. ಕುರುಹು ಸಿಗದಿದ್ದರೆ ಆ ಆ್ಯಪ್ ಲೆಕ್ಕಕ್ಕೆ ತಕ್ಕುದಲ್ಲ. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳಿಗೆ ಕಂಪನಿ ಕಾಯಿದೆಯ ನಿಯಮಗಳಡಿ 2023ರ ಏಪ್ರಿಲ್ 1ರಿಂದಲೂ ಇಂಥದೇ ಕಟ್ಟಳೆ ಇದೆ.

ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಬೇಕು. ಬ್ಲೂಟೂತ್ ಮುದ್ರಕದಿಂದ ಬರುವ ಉಷ್ಣಕಾಗದದ ಬಿಲ್ಲು ಬಿಸಿಲಿಗೆ ಕೆಲವೇ ತಿಂಗಳಲ್ಲಿ ಬಿಳುಚುತ್ತದೆ. ಅದನ್ನು ನಂಬಿ ಕೂರುವಂತಿಲ್ಲ.

ಇ-ವೇ ಬಿಲ್ಲನ್ನು ಗೋದಾಮಿನಿಂದಲೇ ತೆಗೆಯುವವರಿಗೆ ಇನ್ನೊಂದು ಮಾತು. 2025ರ ಏಪ್ರಿಲ್‌ನಿಂದ ಎಲ್ಲ ತೆರಿಗೆದಾರರಿಗೂ ಆ ತಾಣವನ್ನು ಪ್ರವೇಶಿಸಲು ಗುಪ್ತಪದದ ಜೊತೆಗೆ ಒಂದು ಸಲದ ಸಂಕೇತ ಸಂಖ್ಯೆ ಬೇಕಾಗಿದೆ. ಅದು ಮಾಲೀಕನ ಮೊಬೈಲಿಗೆ ಹೋಗುವಂತಿದ್ದರೆ, ಆತ ಮದುವೆಮನೆಯಲ್ಲಿದ್ದಾಗ ಲಾರಿ ಗೋದಾಮಿನಲ್ಲಿ ಕಾಯುತ್ತದೆ. ಗುಮಾಸ್ತನ ಹೆಸರಿನಲ್ಲಿ ಉಪಬಳಕೆದಾರನ ಖಾತೆ ತೆರೆದು, ಅವನ ಮೊಬೈಲ್ ಸಂಖ್ಯೆಯನ್ನೇ ಅದಕ್ಕೆ ನೋಂದಾಯಿಸುವುದು ಸರಿಯಾದ ದಾರಿ. ಮಾಲೀಕನ ಗುಪ್ತಪದವನ್ನು ಟ್ಯಾಬ್ಲೆಟ್‌ನ ಹಿಂಬದಿಗೆ ಚೀಟಿಯಲ್ಲಿ ಬರೆದು ಅಂಟಿಸುವ ಪದ್ಧತಿ ಕೆಲವೆಡೆ ಇದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಖಾತೆ ಯಾರ ಹೆಸರಿನಲ್ಲಿದೆ?

ಹೊಸ ಟ್ಯಾಬ್ಲೆಟ್ ಬಂದ ದಿನ ಅದನ್ನು ತೆರೆದು ಸಿದ್ಧಪಡಿಸುವವನು ಸಾಮಾನ್ಯವಾಗಿ ಅಂಗಡಿಯ ಕಿರಿಯ ನೌಕರ. ಯಂತ್ರ ಗೂಗಲ್ ಖಾತೆಯನ್ನು ಕೇಳುತ್ತದೆ. ಅವನು ತನ್ನ ಸ್ವಂತ ಖಾತೆಯನ್ನೇ ಕೊಡುತ್ತಾನೆ. ಅವನ ಮನಸ್ಸಿನಲ್ಲಿ ಕಪಟವೇನೂ ಇರುವುದಿಲ್ಲ. ಆದರೆ ಆ ಕ್ಷಣದಿಂದ ಗಿರಾಕಿಗಳ ದೂರವಾಣಿ ಸಂಖ್ಯೆಗಳು, ಚಲನ್‌ಗಳ ಚಿತ್ರಗಳು, ಬೆಲೆಪಟ್ಟಿ, ಕೆಲವೊಮ್ಮೆ ಉದ್ರಿ ಖಾತೆಯ ನಕಲು ಎಲ್ಲವೂ ಅವನ ಹೆಸರಿನಲ್ಲಿ ಸಂಗ್ರಹವಾಗತೊಡಗುತ್ತವೆ. ಎರಡು ವರ್ಷಗಳ ನಂತರ ಅವನು ಬೇರೆ ಕೆಲಸಕ್ಕೆ ಹೋದಾಗ ಮಾಹಿತಿ ಅವನೊಡನೆ ಹೋಗುತ್ತದೆ. ಯಂತ್ರವನ್ನು ಅಳಿಸಿ ಹೊಸದಾಗಿ ಆರಂಭಿಸೋಣವೆಂದರೆ ಅದೂ ಸುಲಭವಲ್ಲ: 2015ರ ನಂತರದ ಆಂಡ್ರಾಯ್ಡ್ ಆವೃತ್ತಿಗಳಲ್ಲಿ ಕಳವು ತಡೆಗೆಂದು ಇಟ್ಟ ರಕ್ಷಣೆಯಂತೆ, ಬಲವಂತವಾಗಿ ಅಳಿಸಿದ ಯಂತ್ರ ಹಿಂದಿನ ಖಾತೆಯ ಗುಪ್ತಪದವನ್ನೇ ಕೇಳುತ್ತದೆ. ಹಣ ಕೊಟ್ಟು ಕೊಂಡ ಮಾಲೀಕನು ತನ್ನದೇ ಯಂತ್ರದ ಮುಂದೆ ಅಪರಿಚಿತನಾಗಿ ನಿಲ್ಲಬೇಕಾಗುತ್ತದೆ. ಹಳೆಯ ನೌಕರನೊಡನೆ ಸಂಬಂಧ ಕೆಟ್ಟಿದ್ದರೆ ಪರಿಸ್ಥಿತಿ ಇನ್ನೂ ಕಷ್ಟಕರ.

ಆದುದರಿಂದ ಮೊದಲನೆಯ ದಿನವೇ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಮಿಂಚಂಚೆ ಖಾತೆಯನ್ನು ತೆರೆದು, ಅದನ್ನು ಮರಳಿ ಪಡೆಯುವ ಮೊಬೈಲ್ ಸಂಖ್ಯೆಯಾಗಿ ಮಾಲೀಕನದನ್ನೇ ಕೊಡಬೇಕು. ಟ್ಯಾಬ್ಲೆಟ್ ಅನುಕೂಲ ಕೊಟ್ಟಿದ್ದರೆ ಪ್ರತಿ ನೌಕರನಿಗೂ ಬೇರೆ ಬಳಕೆದಾರನ ಹೆಸರು ಇರಲಿ. ಇಲ್ಲದಿದ್ದರೆ ಬಳಸುವ ಆ್ಯಪ್‌ನಲ್ಲಾದರೂ ಒಬ್ಬೊಬ್ಬರಿಗೆ ಒಂದೊಂದು ಪ್ರವೇಶ ಸಂಕೇತ ಇರಬೇಕು. ಯಾರು ಬರೆದರು ಎಂಬುದು ತಿಳಿಯದ ನಮೂದು ಹಿಂದಿನ ಚೀಟಿಗಿಂತ ಮೇಲೇನಲ್ಲ. ಕಳೆದುಹೋದ ಯಂತ್ರವನ್ನು ದೂರದಿಂದಲೇ ಹುಡುಕುವ, ಬೀಗ ಹಾಕುವ, ಅಳಿಸುವ ಸೌಲಭ್ಯ ಆಂಡ್ರಾಯ್ಡ್ ಮತ್ತು ಐಪ್ಯಾಡ್ ಎರಡರಲ್ಲಿಯೂ ಇದೆ. ಅದನ್ನು ಕಳೆಯುವ ಮೊದಲೇ ಚಾಲನೆಯಲ್ಲಿಟ್ಟಿರಬೇಕು.

ನಕಲಿನ ವಿಚಾರದಲ್ಲಿ ಮೋಡದ ಮೇಲೆಯೇ ಭಾರ ಹಾಕುವುದು ತರವಲ್ಲ. ಚಂದಾ ನಿಂತ ದಿನ ಆ್ಯಪ್ ಬಾಗಿಲು ಮುಚ್ಚಿದರೆ ಲೆಕ್ಕ ಒಳಗೇ ಉಳಿಯುತ್ತದೆ. ಆ್ಯಪ್ ತನ್ನಲ್ಲಿರುವ ಎಲ್ಲ ನಮೂದುಗಳನ್ನು ಎಕ್ಸೆಲ್ ಕಡತವಾಗಿ ಹೊರಗೆ ಕೊಡುತ್ತದೆಯೇ ಎಂದು ಕೊಳ್ಳುವ ಮುನ್ನ ಕೇಳಿ, ತಿಂಗಳಿಗೊಮ್ಮೆ ಹಾಗೆ ತೆಗೆದು ಕಚೇರಿಯ ಗಣಕದಲ್ಲಿಡಬೇಕು.

ಕನ್ನಡದ ಕಡತಗಳು

ಹಲವು ಅಂಗಡಿಗಳ ಹಳೆಯ ಬೆಲೆಪಟ್ಟಿ, ಗಿರಾಕಿಗಳ ಪಟ್ಟಿಗಳು ನುಡಿ ಅಥವಾ ಬರಹದ ಹಿಂದಿನ ಆವೃತ್ತಿಗಳಲ್ಲಿ ಸಿದ್ಧವಾದವು. ಅವುಗಳ ಅಕ್ಷರಗಳು ಯೂನಿಕೋಡ್ ಅಲ್ಲವಾದ್ದರಿಂದ ಟ್ಯಾಬ್ಲೆಟ್‌ನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗೊಂಚಲು ಕಾಣುತ್ತದೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಕನ್ನಡ ಕೀಲಿಮಣೆಯೂ ಮಾತನ್ನು ಬರಹವಾಗಿಸುವ ಸೌಲಭ್ಯವೂ ಇಂದಿನ ಟ್ಯಾಬ್ಲೆಟ್‌ಗಳಲ್ಲಿವೆ. ಗಿರಣಿಯ ಸದ್ದಿನಲ್ಲಿ ಎರಡನೆಯದನ್ನು ನೆಚ್ಚುವಂತಿಲ್ಲ. ಗೋದಾಮಿನ ನೌಕರನಿಗೆ ಸರಕಿನ ಹೆಸರು ಅವನು ದಿನವೂ ಆಡುವ ಮಾತಿನಲ್ಲಿಯೇ ಪರದೆಯ ಮೇಲೆ ಕಾಣುವಂತೆ ಮಾಡಿದರೆ ತಪ್ಪು ಆಯ್ಕೆ ಕಡಿಮೆಯಾಗುತ್ತದೆ.

ಕೊಳ್ಳುವಾಗ

ಸುಮಾರು 8ರಿಂದ 10 ಅಂಗುಲದ ಪರದೆ ನಿಂತು ಮಾಡುವ ಕೆಲಸಕ್ಕೆ ಸಾಕು; ಅದಕ್ಕಿಂತ ದೊಡ್ಡದು ಒಂದೇ ಕೈಯಲ್ಲಿ ನಿಲ್ಲದು. ಹಿಟ್ಟು, ಸಿಮೆಂಟು, ಮೆಣಸಿನಕಾಯಿಯ ಧೂಳಿರುವ ಕಡೆ ಐಪಿ ಸಂಖ್ಯೆಯನ್ನು ನೋಡಬೇಕು. ಅದರ ಮೊದಲ ಅಂಕಿ ಧೂಳಿನ ತಡೆಗೂ ಎರಡನೆಯದು ನೀರಿನ ತಡೆಗೂ ಸಂಬಂಧಿಸಿದ್ದು. ಧೂಳಿಗೆ 6 ಅತ್ಯುಚ್ಚ. ಶಾಖವೂ ಶತ್ರುವೇ. ಐಪ್ಯಾಡ್‌ಗೆ ಅದರ ತಯಾರಕರು ಹೇಳಿರುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳ ಬೇಸಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಬೆಳಗಾವಿಯ ಎರಕದ ಕಾರ್ಖಾನೆಗಳ ಕುಲುಮೆಯ ಬಳಿಯ ಮಾತಂತೂ ಬೇಡ. ನಿಂತ ವಾಹನದಲ್ಲಿ ಮಧ್ಯಾಹ್ನ ಬಿಟ್ಟುಹೋದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ.

ತಯಾರಕರು ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಕೊಡುತ್ತಾರೆಂದು ಕೇಳಬೇಕು. ಅಗ್ಗವೆಂದು ಹಳೆಯ ವಿಂಡೋಸ್ 10ರ ಟ್ಯಾಬ್ಲೆಟ್ ಕೊಳ್ಳುವವರು ಆ ಆವೃತ್ತಿಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆಯೆಂಬುದನ್ನು ಅರಿತಿರಲಿ. ಖರೀದಿಯ ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇದ್ದರೆ ಕ್ರಮಬದ್ಧ ತೆರಿಗೆದಾರರಿಗೆ ಇನ್‌ಪುಟ್ ತೆರಿಗೆಯ ಜಮೆ ದೊರೆಯುತ್ತದೆ.

ಆ್ಯಪ್ ಮಾರಲು ಬಂದವರು ತಮ್ಮ ಕಚೇರಿಯಲ್ಲಿ ಪ್ರಾತ್ಯಕ್ಷಿಕೆ ತೋರಿಸುವುದು ವಾಡಿಕೆ. ಅವರನ್ನು ತಗಡಿನ ಚಾವಣಿಯ ಗೋದಾಮಿನ ಹಿಂದಿನ ಮೂಲೆಗೆ ಕರೆದೊಯ್ದು, ಟ್ಯಾಬ್ಲೆಟ್‌ನ ಜಾಲಸಂಪರ್ಕವನ್ನು ಪೂರ್ತಿ ಆರಿಸಿ, ಹತ್ತು ಮೂಟೆಗಳ ಒಳಬರವನ್ನು ಬರೆಯಲು ಹೇಳಬೇಕು. ನಂತರ ಹೊರಗೆ ಬಂದು ಸಂಪರ್ಕ ಮರಳಿದಾಗ ಆ ಹತ್ತು ಮೂಟೆಗಳು ಕಚೇರಿಯ ಗಣಕದಲ್ಲಿ ಹತ್ತಾಗಿಯೇ ಕಾಣುತ್ತವೆಯೇ, ಇಪ್ಪತ್ತಾಗಿವೆಯೇ, ಅಥವಾ ಕಾಣುವುದೇ ಇಲ್ಲವೇ ಎಂದು ನೋಡಬೇಕು. ಒಪ್ಪಿಗೆಯಾದರೂ ಮೊದಲ ತಿಂಗಳು ಚೀಟಿಯನ್ನೂ ಟ್ಯಾಬ್ಲೆಟ್‌ನ್ನೂ ಜೊತೆಯಲ್ಲಿ ನಡೆಸಿ, ಪ್ರತಿ ಶನಿವಾರ ಸಂಜೆ ಎರಡನ್ನೂ ತಾಳೆ ನೋಡಿ, ವ್ಯತ್ಯಾಸ ಬಂದ ಸರಕನ್ನು ಗುಮಾಸ್ತನೊಡನೆಯೇ ನಿಂತು ಎಣಿಸಬೇಕು.